ಮೂರನೇ ಸಲ ಸುಟ್ಟ ಮೋಟಾರು

“ಒಂದು ಸಲ ಸುಟ್ಟರೆ ಹಣೆಬರಹ, ಎರಡು ಸಲ ಸುಟ್ಟರೆ ಕಳಪೆ ಮಾಲು. ಮೂರು ಸಲ ಸುಟ್ಟರೆ? ಒಳಗಿನವರ ಕೈವಾಡ ಅಲ್ವೇನಕ್ಕಾ?”

ಹೀಗೆಂದವನು ಬಡಗಿ ಅಣ್ಣ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವನೂ ಅವನ ತಮ್ಮನೂ ಕುರ್ಚಿ, ಮೇಜು ಮಾಡುತ್ತಿದ್ದರು. ಮೂರು ತಿಂಗಳಲ್ಲಿ ಮೂರು ಸಲ ಅವರ ಗರಗಸದ ಮೆಷಿನ್ನಿನ ಮೋಟಾರು ಸುಟ್ಟಿತ್ತು. ಮೂರು ಸಲವೂ ಸ್ವಿಚ್ಚಿನ ಮೇಲಿದ್ದದ್ದು ತಮ್ಮನ ಕೈ. ಆವತ್ತು ಸಂಜೆಯೊಳಗೆ ತಮ್ಮ ಗಂಟುಮೂಟೆ ಕಟ್ಟಬೇಕೆಂದು ಅಣ್ಣ ಹುಕುಂ ಹೊರಡಿಸಿದ್ದ. ಅವರಪ್ಪ, ಕೈಗರಗಸದ ಕಾಲದ ಬಡಗಿ, ಹಿಂದಿನ ದಿನ ಕಿರಿಮಗನ ಕೆನ್ನೆಗೆ ಬಾರಿಸಿಯೂ ಆಗಿತ್ತು. ಮೋಟಾರು ಕೆಡಿಸಿದವನು ಇವನೇ ಎಂದು ಬೀದಿಯವರು ನಂಬಲಿ ಅಂತಲೇ ಅಣ್ಣ ಮೀಟರಕ್ಕನನ್ನು ಕರೆಸಿದ್ದ.

ಮೀಟರಕ್ಕ ಮೂವತ್ತು ವರ್ಷ ಮನೆಮನೆ ತಿರುಗಿ ಕರೆಂಟಿನ ಮೀಟರು ಓದಿದವರು. ಯಾರ ಮನೆಯಲ್ಲಿ ಏನು ಉರಿಯುತ್ತಿದೆ ಎಂದು ಹೊಸ್ತಿಲಲ್ಲೇ ಹೇಳಬಲ್ಲವರು. ಅವರ ಹಿಂದೆ ಬಾಲದ ಹಾಗೆ ಹೋಗುವ ದರ್ಜಿ ನಾನು.

“ಮೋಟಾರನ್ನ ವೈಂಡಿಂಗ್ ಅಂಗಡಿಗೆ ಹೊತ್ತವರು ಯಾರು?” ಅಕ್ಕ ಕೇಳಿದರು.

“ನಾನೇ.”

“ಅವನೇನಂದ?”

“ಸುಟ್ಟಿದೆ ಅಂದ, ಇನ್ನೇನಂತಾನೆ?”

“ಬೆಳಿಗ್ಗೆ ಮೊದಲು ಸ್ವಿಚ್ ಹಾಕೋರು?”

ತಮ್ಮ ಬಾಯಿ ಬಿಟ್ಟ. “ಮುಂಚೆ ಯಾರು ಮೊದಲು ಬಂದ್ರೆ ಅವರು ಹಾಕ್ತಿದ್ವಿ. ಮೊದಲನೇ ಸಲ ಸುಟ್ಟಮೇಲಿಂದ ನೀನೇ ಹಾಕು ಅಂತಾನೆ.”

ಅಕ್ಕ ಮೋಟಾರಿನ ಹಿಂಬದಿಯ ಮುಚ್ಚಳ ಬಿಚ್ಚಿ ಬೆರಳು ತೂರಿಸಿದರು. ಹೊರಬಂದದ್ದು ಮರದ ಹೊಟ್ಟು ಕಲೆತ ಕಂದು ಅಂಟು, ತಿಂಗಳ ಕೆಮ್ಮಿನ ಕಫದ ಹಾಗೆ ಎಳೆ ಎಳೆಯಾಗಿ. ಅಕ್ಕ ಅದನ್ನು ಮೂಸಿದರು. ನಾನು ಗೋಡೆ ಕಡೆ ತಿರುಗಿದೆ. ಗೋಡೆಯ ಹಲಗೆಯ ಮೇಲೆ ಅಣ್ಣ ತನಗೇ ಅಂತ ಇಟ್ಟುಕೊಂಡಿದ್ದ, ಮರ ಉಜ್ಜುವ ಮೆಷಿನ್ನಿತ್ತು. ಅದರ ಗಾಳಿಕಿಂಡಿಗಳಿಗೆಲ್ಲ ಟೇಪು ಮೆತ್ತಿತ್ತು.

“ಇದೇನೋ?” ಅಂದೆ.

“ಧೂಳು ಬೀಳಬಾರದು ಅಂತ,” ಎಂದ ಅಣ್ಣ. “ಬಟ್ಟೆ ಹೊಲಿಯೋರಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ!”

ಮೂಲೆಯಲ್ಲಿ ಅಪ್ಪ ಚಿಂದಿಯಿಂದ ಉಳಿಗಳ ಹಿಡಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದರು. ಅಕ್ಕ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ದಿನಾ ಹಚ್ತೀರಾ ಯಜಮಾನ್ರೇ?”

“ಹೂಂನವ್ವಾ. ದುಡಿದ ಹತಾರಕ್ಕೆ ಹೊತ್ತು ಮುಳುಗೋದ್ರೊಳಗೆ ಎಣ್ಣೆ ಕಾಣಿಸ್ಬೇಕು. ಇಲ್ದಿದ್ರೆ ಅದು ಶಾಪ ಹಾಕುತ್ತೆ. ಈ ಮಕ್ಕಳಿಗೆ ಹೇಳಿ ಹೇಳಿ ಸಾಕಾಯ್ತು.”

ಅಕ್ಕ ಎದ್ದು, ಮೂವರನ್ನೂ ಗರಗಸದ ಸುತ್ತ ನಿಲ್ಲಿಸಿದರು.

“ಕೇಳಿ. ಈ ಮೋಟಾರಿಗೆ ಎರಡು ಸುರುಳಿ. ಒಂದು ಎಬ್ಬಿಸೋಕೆ ಮಾತ್ರ. ಓಟ ಹಿಡಿದ ತಕ್ಷಣ ಒಳಗಿನ ಸ್ವಿಚ್ಚು ಅದನ್ನ ಬಿಡಿಸ್ಬೇಕು. ಸ್ವಿಚ್ಚು ಅಂಟಿಕೊಂಡ್ರೆ ಆ ಸುರುಳಿ ಉರಿದುಹೋಗುತ್ತೆ. ಅಂಟಿಸಿದ್ದು ಅಗಸೆ ಎಣ್ಣೆ. ಮರಕ್ಕೆ ಅದು ಅಮೃತ. ಕಬ್ಬಿಣದೊಳಗೆ ಒಣಗಿದ್ರೆ ಗೋಂದು. ಸಂಜೆ ಮಕ್ಕಳಿಬ್ಬರೂ ಕೈಕಾಲು ತೊಳೆಯೋಕೆ ಹೋದಾಗ ಕಿಂಡಿಯಿಂದ ಒಂದಿಷ್ಟು ಬಿಡ್ತೀರಿ, ಅಲ್ವಾ ಯಜಮಾನ್ರೇ?”

ಅಪ್ಪನ ಕೈಯಿಂದ ಚಿಂದಿ ಜಾರಿತು. “ಅದೂ ದುಡಿಯೋ ಹತಾರನೇ ಅಲ್ವಾ...”

“ನಿಮ್ಮದು ತಪ್ಪಲ್ಲ, ಯಾರೂ ನಿಮಗೆ ಹೇಳ್ಲಿಲ್ಲ. ಗೊತ್ತಿದ್ದವನೊಬ್ಬ ಇದ್ದ.” ಅಕ್ಕ ಉಜ್ಜುವ ಮೆಷಿನ್ನಿನ ಟೇಪು ಕಿತ್ತರು. ಕಿಂಡಿಯ ಅಂಚಿನಲ್ಲಿ ಹಳದಿ ಎಣ್ಣೆಯ ಕಲೆ ಒಣಗಿ ಹಿಡಿದಿತ್ತು. “ಧೂಳಿಗೆ ಹೆದರಿ ಹಚ್ಚಿದ ಟೇಪಾದ್ರೆ ಗರಗಸಕ್ಕೂ ಹಚ್ತಿದ್ದ. ಅಪ್ಪ ಎಣ್ಣೆ ಬಿಡೋದು ಗೊತ್ತಾಗಿ ತನ್ನದನ್ನ ಮಾತ್ರ ಮುಚ್ಚಿಕೊಂಡ. ಈ ಗಲೀಜು ಕೆರೆಯದೆ ಯಾವ ವೈಂಡಿಂಗಿನವನೂ ತಂತಿ ಸುತ್ತಲಾರ. ಕೆರೆದವನು ಹೇಳದೇ ಇರ್ತಾನಾ? ಅಂಟು ಕಟ್ಟಿದ ಮೋಟಾರು ಸಾಯೋದು ಬೆಳಗಿನ ಮೊದಲ ಸ್ವಿಚ್ಚಿಗೆ. ಅದಕ್ಕೇ ‘ನೀನೇ ಹಾಕು.’”

ಅಣ್ಣ ನೆಲ ನೋಡುತ್ತ ಗೊಣಗಿದ: “ಬಂದೋರೆಲ್ಲ ತಮ್ಮನ ಕುರ್ಚಿನೇ ಬೇಕು ಅಂತಾರೆ. ನನ್ನನ್ನ ಕೇಳೋರು ಯಾರು?”

“ಅದಕ್ಕೆ ಅಪ್ಪನ ಕೈಯಲ್ಲಿ ತಮ್ಮನಿಗೆ ಹೊಡೆಸಿದೆಯಾ?” ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಊಟದಲ್ಲಿ ಸತ್ತ ಹಲ್ಲಿ ಕಂಡವರ ಹೇಸಿಗೆಯಿತ್ತು. “ಥೂ. ಆ ಅಂಟಾದ್ರೂ ಸೀಮೆಎಣ್ಣೆಗೆ ಹೋಗುತ್ತೆ ಕಣೋ.”

“ಆಯ್ತು ಬಿಡು, ತಮ್ಮ ಇಲ್ಲೇ ಇರ್ಲಿ,” ಎಂದ ಅಣ್ಣ, ದಾನ ಕೊಡುವವನ ಹಾಗೆ.

“ನಿನ್ನ ಪಕ್ಕ ನಿಂತು ಮರ ಕುಯ್ಯೋದಾ?” ತಮ್ಮ ಗಂಟು ಎತ್ತಿಕೊಂಡ. “ಬೇಡಪ್ಪ.”

“ತಡಿಯೋ ಮಗಾ,” ಎಂದರು ಅಪ್ಪ. “ನಾನೂ ಬರ್ತೀನಿ.”

ಅವರು ಮೆಟ್ಟಿಲ ಮೇಲೆ ಕೂತು ಚಪ್ಪಲಿಗಾಗಿ ತಡಕಾಡಿದರು. ಹಿರಿಮಗ ಓಡಿಬಂದು ಬಗ್ಗಿ, ಒಂದು ಚಪ್ಪಲಿಯನ್ನು ಅವರ ಪಾದದ ಬಳಿ ಹಿಡಿದ. ಅಪ್ಪ ಕಾಲು ಹಿಂದಕ್ಕೆಳೆದುಕೊಂಡು, ಬರಿಗಾಲಲ್ಲೇ ಬೀದಿಗಿಳಿದರು.