ಮಾತಾಡದ ಹುಡುಗಿ, ಮಾತು ನಿಲ್ಲದ ದುಂಡವ್ವ

"ಹುಡುಗಿಗೆ ಗಂಟಲ ನೋವೈತ್ರಿ. ಮಾತಾಡಾಕ ಬರಾಂಗಿಲ್ಲ."

ಭಾವುಸಾಹೇಬರು ಈ ಸುಳ್ಳನ್ನು ಎಷ್ಟು ಸಲೀಸಾಗಿ ಹೇಳಿದರೆಂದರೆ, ಎದುರಿಗೆ ತಲೆ ತಗ್ಗಿಸಿ ಕುಳಿತಿದ್ದ ಮಗಳು ಮೇಘಾಳಿಗೇ ಒಂದು ಕ್ಷಣ ಗಂಟಲು ಕೆರೆದಂತಾಯಿತು!

ಅಂಕಲಿಯ ಆ ಮನೆಯಲ್ಲಿ ಅಂದು ಹೆಣ್ಣು ನೋಡುವ ಶಾಸ್ತ್ರ. ಶೇಡಬಾಳದಿಂದ ಹುಡುಗ ಸಮ್ಮೇದ ಬಂದಿದ್ದ, ಜೊತೆಗೆ ಅವನ ತಾಯಿ ಚಂಪಾಬಾಯಿ. ಹುಡುಗನದು ಮಂಡಪ ಮತ್ತು ಸೌಂಡ್ ಸಿಸ್ಟಮ್ ವ್ಯವಹಾರ. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲು ಪಾವಣೇರ, ಅಂದರೆ ಬಂದ ನೆಂಟರ, ಊಟ ಮುಗಿಯಬೇಕು. ಆದ್ದರಿಂದ ಎಲ್ಲರಿಗೂ ಅವಸರ.

ಚಂಪಾಬಾಯಿ ಹೆಸರು ಕೇಳಿದರು, ಓದು ಕೇಳಿದರು. ಕೇಳಿದ್ದು ಹುಡುಗಿಯನ್ನು, ಉತ್ತರ ಕೊಟ್ಟಿದ್ದು ಅಪ್ಪ. ಹೋಳಿಗೆ ಮಾಡಲು ಬರುತ್ತದೆಯೇ ಎಂದಾಗಲೂ ಅವರೇ ಮುಂದಾಗಿ ಬರುತ್ತದೆ ಎಂದುಬಿಟ್ಟರು. ಜನ್ಮದಲ್ಲಿ ಒಲೆ ಮುಂದೆ ಕೂತವರಲ್ಲ, ಪುಣ್ಯಾತ್ಮ!

ಮೇಘಾ ಒಮ್ಮೆ ಮಾತ್ರ ಕಣ್ಣೆತ್ತಿದಳು. ಸಮ್ಮೇದ ಅವಳ ಮುಖವನ್ನಲ್ಲ, ಹಣೆಯ ಮೇಲಿನ ಬೆವರನ್ನು ನೋಡುತ್ತಿದ್ದ. ಏನೂ ಹೇಳದೆ ಎದ್ದು, ತನ್ನ ಕಡೆಗೆ ಬೀಸುತ್ತಿದ್ದ ಫ್ಯಾನನ್ನು ಅವಳತ್ತ ತಿರುಗಿಸಿ ಮತ್ತೆ ಬಂದು ಕುಳಿತ.

ಅಷ್ಟೇ... 'ಇವನು ಒಳ್ಳೆಯವನು' ಎಂದು ಮೇಘಾಳ ಮನಸ್ಸು ಯಾರ ಅಪ್ಪಣೆಯನ್ನೂ ಕೇಳದೆ ಹೇಳಿಬಿಟ್ಟಿತು.

ಆಗಲೇ ಎಡವಟ್ಟಾಯಿತು. ಚಹಾ ಬರುವುದು ತಡವಾಯಿತೆಂದು ಚಂಪಾಬಾಯಿ ಮೊಬೈಲ್ ತೆಗೆದರು. ಪಡಸಾಲೆ ತುಂಬ ಒಬ್ಬ ಮುದುಕಿಯ ಒಡಕು ದನಿ ಮೊಳಗಿತು.

"ಅಳಿಯಂದ್ರ, ನೀವು ಮೊಬೈಲ ತಿನ್ರಿ, ರೊಟ್ಟಿ ನಾ ತಿಂತೀನಿ. ಎಲ್ಲಿ ಎದ್ದ ಹೊಂಟ್ರಿ? ನನ್ನ ಮಾತ ಇನ್ನಾ ಮುಗದಿಲ್ಲ!"

ಚಂಪಾಬಾಯಿ ಬಿದ್ದು ಬಿದ್ದು ನಕ್ಕರು. ಇದು ದುಂಡವ್ವ, ಇವಳನ್ನು ನೋಡದೆ ತನಗೆ ತುತ್ತು ಇಳಿಯುವುದಿಲ್ಲ ಎಂದರು. ಸಮ್ಮೇದನೂ ನಕ್ಕ. ಒಳಗೆ ಅಡುಗೆಮನೆಯಲ್ಲಿದ್ದವರೂ ನಕ್ಕರು.

ನಗದೆ ಕುಳಿತವಳು ಮೇಘಾ ಒಬ್ಬಳೇ. ಯಾಕೆಂದರೆ ಆ ದುಂಡವ್ವ ಅವಳೇ!

ಹೌದು. ಆ ಸಾಲನ್ನು ರೊಟ್ಟಿ ಬಡಿಯುತ್ತಲೇ ಕಟ್ಟಿದ್ದಳು, ಹಂಚಿನ ಮೇಲಿನ ರೊಟ್ಟಿ ಕರಕಲಾಗಿ ಅವ್ವನಿಂದ ಬೈಸಿಕೊಂಡಿದ್ದಳು. ಅದನ್ನೇ ಕೇಳಿ ಇಡೀ ಮನೆ ನಗುತ್ತಿರುವಾಗ ಅವಳು ಗೋಡೆ ನೋಡುತ್ತ ಕೂರಬೇಕಾಯಿತು. 'ಅದು ನಾನು... ನನ್ನ ಮಾತು' ಎಂದು ಕೂಗಬೇಕೆನಿಸಿತು. ಬಾಯಿ ಕಟ್ಟಿತ್ತು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿದಳು. ಕಣ್ಣಲ್ಲಿ ನೀರು ತುಂಬಿತು.

ಸಮ್ಮೇದನ ನಗು ನಿಂತುಹೋಯಿತು. ಅವನು ಆ ನೀರನ್ನು ನೋಡಿಬಿಟ್ಟಿದ್ದ.

*

ಈ ದುಂಡವ್ವ ಹುಟ್ಟಿದ್ದು ಚಿಕ್ಕೋಡಿಯ ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ. ನಾಟಕದಲ್ಲಿ ಮುದುಕಿಯ ಪಾತ್ರಕ್ಕೆ ಯಾವ ಹುಡುಗಿಯೂ ಒಪ್ಪಲಿಲ್ಲ. ಚೆಂದ ಕಾಣಬೇಕಾದ ವಯಸ್ಸಿನಲ್ಲಿ ಸುಕ್ಕು ಯಾರಿಗೆ ಬೇಕು? ಮೇಘಾ ಒಪ್ಪಿದಳು. ಕೊಟ್ಟ ಮಾತುಗಳು ಸಪ್ಪೆ ಅನಿಸಿ ತಾನೇ ಬೇರೆ ಬರೆದುಕೊಂಡಳು. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಗು ಅವಳಿಗೆ ಹಿಡಿಸಿಬಿಟ್ಟಿತು!

ಆಮೇಲೆ ಕಾಕಾನ ಮಗ ಸಂದೇಶ ಮೊಬೈಲ್ ಹಿಡಿದ. ಅವಳು ಬರೆದಳು, ಬಿಳಿ ವಿಗ್ ಹಾಕಿದಳು, ಮೂಗಿನ ಮೇಲೆ ದಪ್ಪ ಗಾಜಿನ ಚಾಳೀಸು ಏರಿಸಿದಳು. ನೋಡುನೋಡುತ್ತ ದುಂಡವ್ವ ಮನೆಮನೆಯ ಮುದುಕಿಯಾದಳು. ನಿಪ್ಪಾಣಿಯ ಅಂಗಡಿಗಳಲ್ಲಿ, ರಾಯಬಾಗದ ಬಸ್ಸುಗಳಲ್ಲಿ ಅವಳದೇ ಮಾತು. ಒಮ್ಮೆ ಬಸ್ಸಿನಲ್ಲಿ ಪಕ್ಕದ ಹೆಂಗಸು ಅದೇ ದನಿ ತೆಗೆದು ಕಂಡಕ್ಟರನಿಗೆ, ನನ್ನ ಮಾತ ಇನ್ನಾ ಮುಗದಿಲ್ಲ ಅಂದಳು. ಬಸ್ಸೆಲ್ಲ ನಕ್ಕಿತು. ಅದನ್ನು ಬರೆದವಳು ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕುಳಿತಿದ್ದಳು. ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬಾರದೆಂದು ಅಪ್ಪನ ಕಟ್ಟಪ್ಪಣೆಯಿತ್ತು.

ಭಾವುಸಾಹೇಬರು ಕೆಟ್ಟವರಲ್ಲ, ಅಂಜುಬುರುಕರು. ಮಗಳ ಲಗ್ನ ನಿಲ್ಲಬಾರದು, ಅವರಿಗೆ ಅದೊಂದೇ ಚಿಂತೆ. ಎಷ್ಟು ಬದಲಿಸಿದರೂ ಮಗಳ ದನಿ ಮಗಳ ದನಿಯೇ, ಬಾಯಿ ತೆರೆದರೆ ಗುರುತು ಸಿಗುತ್ತದೆ ಎಂದು ಗಂಟಲುನೋವಿನ ಉಪಾಯ ಹೂಡಿದ್ದರು.

ಉಪಾಯ ಉಲ್ಟಾ ಹೊಡೆಯಿತು. ಎರಡೇ ದಿನಕ್ಕೆ ಫೋನ್ ಬಂತು. ಹುಡುಗ ಒಲ್ಲೆ ಅಂದಿದ್ದ.

ಅವರಿಗೆ ಹೇಗೋ ಗೊತ್ತಾಗಿದೆ, ಇನ್ನೇನು ಇರಲು ಸಾಧ್ಯ ಎಂದು ಅಪ್ಪ ತಲೆ ಮೇಲೆ ಕೈ ಹೊತ್ತು ಕುಳಿತರು.

"ಜನಾ ನಗಸೂ ಹುಡುಗಿನ್ನ ಯಾರ ಮನಿ ತುಂಬಿಸ್ಕೋತಾರವಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು.

ಮೇಘಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. 'ಫ್ಯಾನ್ ತಿರುಗಿಸಿದವನೂ ಇಷ್ಟೇನಾ? ಮೊಬೈಲಿನಲ್ಲಿ ನಗಿಸಿದರೆ ಬೇಕು, ಮನೆಯಲ್ಲಿ ಬೇಡವಾ?'

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಗಡಹಿಂಗ್ಲಜ ಕಡೆಯ ಇನ್ನೊಂದು ಸಂಬಂಧದವರು ಫೋಟೋ ನೋಡಿಯೇ ಖುಷಿಯಾಗಿದ್ದರು. ರವಿವಾರ ಬರುವವರಿದ್ದರು. ಈ ಸಲ ಅಪ್ಪ ಮುಚ್ಚಿಡಲಿಲ್ಲ, ದುಂಡವ್ವನ ವಿಷಯ ಹೇಳಿಯೇಬಿಟ್ಟರು. ಅವರೂ ಸಿಟ್ಟಾಗಲಿಲ್ಲ. ಅದನ್ನೆಲ್ಲ ಬಿಟ್ಟರೆ ಸಾಕು ಎಂದರು. ಅಥಣಿಯ ಮಹಿಳಾ ಸಂಘದ ಕಾರ್ಯಕ್ರಮವೊಂದನ್ನು ಮೊದಲೇ ಒಪ್ಪಿಕೊಂಡಾಗಿತ್ತು. ಅದನ್ನು ಮುಗಿಸು, ಅಲ್ಲೇ ದುಂಡವ್ವನನ್ನೂ ಮುಗಿಸು ಎಂದರು ಅಪ್ಪ.

ಮೇಘಾ ಕೊನೆಯ ಸ್ಕಿಟ್ ಬರೆಯಲು ಕುಳಿತಳು. ದುಂಡವ್ವ ದೂರದ ಊರಿಗೆ, ಮಗಳ ಮನೆಗೆ ಹೋಗಿಬಿಡುತ್ತಾಳೆ, ತಿರುಗಿ ಬರುವುದಿಲ್ಲ. ಇಷ್ಟೇ ಕಥೆ. ಆದರೆ ದುಂಡವ್ವ ಗಂಟು ಕಟ್ಟಿಕೊಂಡು ಬಾಗಿಲವರೆಗೆ ಬರುತ್ತಾಳೆ, ಹೊಸ್ತಿಲು ದಾಟುವುದಿಲ್ಲ! ಎಷ್ಟು ಸಲ ಬರೆದರೂ ಅಷ್ಟೇ. ಕೊನೆಗೆ ಕಣ್ಣೊರೆಸಿಕೊಂಡು, ಹೇಗೋ ಹೊರಗೆ ದಬ್ಬಿ ಬರೆದು ಮುಗಿಸಿದಳು.

*

ಅಥಣಿಯ ಸಭಾಂಗಣದಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಭಾಷಣಗಳು ಸಾಗಿದ್ದವು. ಸಂದೇಶ ಕ್ಯಾಮೆರಾ ಹಚ್ಚುತ್ತಿದ್ದ. ಮಗಳನ್ನು ಕರೆದೊಯ್ಯಲು ಬಂದಿದ್ದ ಭಾವುಸಾಹೇಬರು ಒಳಗೆ ಬರಲೊಲ್ಲದೆ ಹೊರಗೆ ಬೇವಿನ ಗಿಡದ ನೆರಳಲ್ಲಿ ನಿಂತಿದ್ದರು.

ವೇದಿಕೆಯ ಪಕ್ಕದ ಕೋಣೆಯಲ್ಲಿ ಮೇಘಾ ವೇಷ ತೊಟ್ಟು ಕುಳಿತಿದ್ದಳು. ಸುಕ್ಕು, ಬಿಳಿ ಕೂದಲು, ಚಾಳೀಸು, ಇಳಕಲ್ಲ ಸೀರೆ. ಒಮ್ಮೆ ವೇಷ ಹಾಕಿದಳೆಂದರೆ ಮುದುಕಿಯ ದನಿ ಬಿಟ್ಟು ಬೇರೆ ದನಿಯಲ್ಲಿ ಮಾತಾಡುವಂತಿಲ್ಲ. ಅದು ಅವಳೇ ಮಾಡಿಕೊಂಡ ನೇಮ.

"ಅಜ್ಜೀ, ಮೈಕ್ ಹಚ್ಚೂಣ ಬರ್ರಿ."

ಬಾಗಿಲಲ್ಲಿ ಸಮ್ಮೇದ ನಿಂತಿದ್ದ!

ಸಂಘದವರು ಸೌಂಡ್ ಸಿಸ್ಟಮ್ ತರಿಸಿದ್ದು ಅವನಿಂದಲೇ. ಮೇಘಾಳಿಗೆ ಓಡಿಹೋಗಲು ದಾರಿಯಿರಲಿಲ್ಲ. ಅವನಿಗೆ ಗುರುತು ಸಿಗಲಿಲ್ಲ. ನಗುತ್ತ ಹತ್ತಿರ ಬಂದು, ಸೆರಗಿನ ಅಂಚಿಗೆ ಚಿಕ್ಕ ಮೈಕು ಸಿಕ್ಕಿಸತೊಡಗಿದ. ತನ್ನ ತಾಯಿ ಅಜ್ಜಿಯ ದೊಡ್ಡ ಅಭಿಮಾನಿ ಎಂದ.

'ಸುಮ್ಮನಿರು ಮೇಘಾ... ಸುಮ್ಮನಿರು...' ಮನಸ್ಸು ಎಷ್ಟೇ ಹೇಳಿದರೂ ದುಂಡವ್ವ ಕೇಳುವವಳೇ? ಹುಡುಗಿ ಕೇಳಲಾರದ್ದನ್ನು ಮುದುಕಿ ಕೇಳಬಹುದಲ್ಲ!

"ಲಗ್ನ ಆಗೈತೇನೋ ತಮ್ಮಾ?"

"ಇಲ್ಲಜ್ಜಿ."

"ಯಾಕ, ಹುಡುಗ್ಯಾರು ಒಲ್ಲೆ ಅಂದ್ರೇನು?"

ದುಂಡವ್ವನ ಎದುರು ಜನ ಹಾಗೆಯೇ, ವೇಷ ಮರೆತು ನಿಜವಾದ ಅಜ್ಜಿಗೆ ಹೇಳುವಂತೆ ಎಲ್ಲ ಹೇಳಿಬಿಡುತ್ತಾರೆ. ಅವನೂ ಹೇಳಿದ.

"ನಾನ ಒಲ್ಲೆ ಅಂದೆ ಅಜ್ಜಿ. ಅಂಕಲಿಯಾಗ ಒಂದ ಹುಡುಗಿ ನೋಡಿದ್ವಿ. ಒಂದ ಮಾತ ಆಡಲಿಲ್ಲ ಆಕಿ. ಎಲ್ಲಾ ಅವರಪ್ಪನ ಮಾತಾಡಿದ್ರು. ಮನಿ ಮಂದೆಲ್ಲಾ ನಕ್ರೂ ಆಕಿ ಕಣ್ಣಾಗ ನೀರಿತ್ತು."

ಒತ್ತಾಯಕ್ಕೆ ಕೂರಿಸಿದ್ದಾರೆ, ಅವಳ ಮನಸ್ಸಿನಲ್ಲಿ ಬೇರೆ ಯಾರೋ ಇರಬೇಕು ಎಂದುಕೊಂಡನಂತೆ. ತಾನು ಹೂಂ ಅಂದರೆ ಅವಳ ಕುತ್ತಿಗೆಗೆ ಉರುಳು. ಕೆಟ್ಟ ಹೆಸರು ತನಗೇ ಬರಲಿ ಎಂದು ತಾನೇ ಒಲ್ಲೆ ಅಂದನಂತೆ.

"ಆ ಕಣ್ಣ ಮಾತ್ರ ಇನ್ನಾ ಮರಿಯಾಕ ಆಗವಲ್ದು ನೋಡಜ್ಜಿ" ಎಂದು ಸಣ್ಣಗೆ ನಕ್ಕ.

ದೇವರೇ...! ಆ ಕಣ್ಣುಗಳು ಅವನೆದುರಿಗೇ ಇದ್ದವು, ದಪ್ಪ ಗಾಜಿನ ಹಿಂದೆ. ಮೇಘಾಳಿಗೆ ವಿಗ್ ಕಿತ್ತೆಸೆದು ನಾನೇ ಅವಳು ಎನ್ನಬೇಕೆನಿಸಿತು. ಅಷ್ಟರಲ್ಲಿ ಸಂಘದ ಹೆಂಗಸರು ಒಳಗೆ ನುಗ್ಗಿದರು, ಸೆಲ್ಫಿಗೆ ನಿಂತರು. ಸಮ್ಮೇದ ಅವಸರದಲ್ಲಿ ಇಷ್ಟು ಹೇಳಿ ಹೊರಟ: ಈ ಮೈಕಿನ ದನಿ ಇನ್ನೂ ಸಭೆಗೆ ಬಿಟ್ಟಿಲ್ಲ. ತಾನು ಸಭೆಯ ಹಿಂದೆ, ದನಿ ಹೊಂದಿಸುವ ಮಿಕ್ಸರ್ ಹತ್ತಿರ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾನೆ, ಅಜ್ಜಿ ವೇದಿಕೆಯ ಅಂಚಿಗೆ ಬಂದು ಏನಾದರೂ ಮಾತಾಡಬೇಕು, ಸರಿಯಿದ್ದರೆ ಕೈ ಎತ್ತುತ್ತಾನೆ.

ಮೇಘಾ ಪರದೆಯ ಅಂಚಿಗೆ ಬಂದು ನಿಂತಳು. ಮುಂದೆ ಸಭೆ ತುಂಬ ಗದ್ದಲ, ಭಾಷಣ. ಎಲ್ಲರ ತಲೆಗಳಾಚೆ ಗೋಡೆಯ ಬಳಿ ಸಮ್ಮೇದ ಹೆಡ್‌ಫೋನ್ ಏರಿಸಿ, ಮಾತಾಡು ಎಂದು ಸನ್ನೆ ಮಾಡಿದ.

'ಈಗ ಹೇಳದಿದ್ದರೆ ರವಿವಾರ ಮತ್ತೆ ಗಂಟಲು ನೋವು... ಆಮೇಲೆ ಇಡೀ ಜನ್ಮ ಗಂಟಲು ನೋವು.'

ಅಪ್ಪ ನಡುವೆ ಉತ್ತರ ಕೊಡಲಾಗದ ಜಾಗ ಇದೊಂದೇ ಇತ್ತು.

ಅವಳು ತನ್ನ ನೇಮ ಮುರಿದಳು. ಮುದುಕಿಯ ದನಿ ಬಿಟ್ಟು, ತನ್ನದೇ ಮೆಲುದನಿಯಲ್ಲಿ ಸೆರಗಿನ ಹತ್ತಿರ ಬಾಗಿ ಹೇಳಿದಳು.

"ನಾ ಅಂಕಲಿ ಮೇಘಾ ಅದೀನ್ರಿ. ನನಗ ಗಂಟಲ ನೋವ ಇರಲಿಲ್ಲ."

ಸಮ್ಮೇದ ಥಟ್ಟನೆ ತಲೆಯೆತ್ತಿದ.

"ಯಾರೂ ಒತ್ತಾಯ ಮಾಡಿ ಕೂಡ್ಸಿರಲಿಲ್ಲ. ಬಾಯಿ ಅಷ್ಟ ಮುಚ್ಚಿಸಿದ್ರು... ದುಂಡವ್ವ ನಾನ ಅಂತ ಗೊತ್ತಾಗ್ತದ ಅಂತ. ಮನಸಿನ್ಯಾಗ ಬ್ಯಾರೆ ಯಾರೂ ಇಲ್ರಿ. ನೀವು ಫ್ಯಾನ್ ತಿರಿಗಿಸಿದ್ರಲ್ಲಾ, ಆವಾಗನ ನಾ ಹೂಂ ಅಂದಿದ್ದೆ." ಚಾಳೀಸು ತೆಗೆದಳು. "ಕೇಳಸಾಕತ್ತೈತೇನ್ರಿ?"

ಅವನು ಎರಡೂ ಕೈಯಿಂದ ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು ನಿಂತುಬಿಟ್ಟಿದ್ದ. ಅಷ್ಟು ಜನರ ನಡುವೆ ಆ ಮಾತು ಕೇಳಿದ್ದು ಅವನೊಬ್ಬನಿಗೇ.

ನಿಧಾನವಾಗಿ ಕೈ ಎತ್ತಿದ. ಎತ್ತಿದವನು ಇಳಿಸಲೇ ಇಲ್ಲ! ಮೈಕು ಸರಿಯಿದೆಯೇ ಎಂದು ಪಕ್ಕದಲ್ಲಿ ಯಾರೋ ಕೇಳಿದರು.

"ಕೇಳಸ್ತ್ರಿ" ಎಂದ, ಕಣ್ಣು ವೇದಿಕೆಯಿಂದ ಕೀಳದೆ. "ಛಲೋ ಕೇಳಸ್ತು."

*

ಅಂದು ದುಂಡವ್ವ ಗಂಟು ಕಟ್ಟಿದಳು, ಸೊಸೆಗೆ ಹತ್ತು ಬುದ್ಧಿ ಹೇಳಿದಳು, ಬಾಗಿಲವರೆಗೂ ಹೋದಳು. ಬರೆದ ಪ್ರಕಾರ ಅಲ್ಲಿಂದ ಹೊರಗೆ ಹೋಗಬೇಕು. ಹೋಗಲಿಲ್ಲ. ಗಂಟನ್ನು ಧೊಪ್ಪನೆ ಕೆಳಗೆ ಹಾಕಿ ಅದರ ಮೇಲೇ ಕುಳಿತುಬಿಟ್ಟಳು. "ನನ್ನ ಮಾತ..." ಎನ್ನುವಷ್ಟರಲ್ಲಿ ಉಳಿದದ್ದನ್ನು ಸಭೆಯ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಸಭಾಂಗಣದ ಬಾಗಿಲ ಬಳಿ ನಿಂತು ಇಣುಕುತ್ತಿದ್ದ ಭಾವುಸಾಹೇಬರಿಗೆ ಯಾರೋ ಕುರ್ಚಿ ಕೊಟ್ಟು ಕೂರಿಸಿದ್ದರು. ಅವರು ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದರು.

ಮುಗಿದ ಮೇಲೆ ಕೋಣೆಗೆ ಬಂದಾಗ ಅವರ ಮುಖ ಗಂಟಿಕ್ಕಿತ್ತು.

"ದುಂಡವ್ವನ್ನ ಕಳಸ್ತೀನಿ ಅಂದಿದ್ದಿ."

"ಆಗಲಿಲ್ಲ ಅಪ್ಪಾ." ಮೇಘಾ ವಿಗ್ ತೆಗೆದು ಮಡಿಲಲ್ಲಿಟ್ಟುಕೊಂಡಳು. "ದುಂಡವ್ವನ್ನ ಬಿಡಾಂಗಿಲ್ಲ. ರವಿವಾರದ ಪಾವಣೇರನ್ನೂ ನಾ ಒಲ್ಲೆ."

"ಹಂಗಾರ ಯಾರ ಮನಿ ತುಂಬಿಸ್ಕೋತಾರ ನಿನ್ನ?"

"ನಾ ತುಂಬಿಸ್ಕೋತೀನ್ರಿ ಕಾಕಾರ."

ಬಾಗಿಲಲ್ಲಿ ಸಮ್ಮೇದ, ಕೈಯಲ್ಲಿ ಅರ್ಧ ಸುತ್ತಿದ ವಾಯರು.

ಭಾವುಸಾಹೇಬರು ತಬ್ಬಿಬ್ಬಾದರು. ಒಲ್ಲೆ ಅಂದವನು ನೀನೇ ಅಲ್ಲವೇ ಎಂದು ಕೇಳಿದರು.

"ಆಕೀಗೆ ಮನಸಿಲ್ಲ ಅಂತ ತಿಳ್ಕೊಂಡಿದ್ದೆರಿ. ಆಕಿನ್ನ ಕೇಳೇ ಇರಲಿಲ್ಲ." ವಾಯರು ಸುತ್ತುತ್ತ ಸೇರಿಸಿದ, "ನೀವೂ ಕೇಳಿರಲಿಲ್ಲ."

ಭಾವುಸಾಹೇಬರು ಕುರ್ಚಿಯಲ್ಲಿ ಕುಳಿತರು. ಟೋಪಿಯನ್ನು ತಿರುವಿ ತಿರುವಿ ನೋಡಿದರು.

"ನಗಬಾರದು ಅಂತ ಹಲ್ಲ ಕಚ್ಚಿ ಕುಂತಿದ್ದೆ" ಎಂದರು. "ಆಗಲಿಲ್ಲ ಬಿಡು." ಎದ್ದು ಮಗಳ ತಲೆ ಸವರಿದರು. "ಬಣ್ಣ ತೊಳ್ಕೋ. ಹೊತ್ತ ಮುಣಗೂದ್ರಾಗ ಮನಿ ಮುಟ್ಟಬೇಕು. ಗಡಹಿಂಗ್ಲಜದವ್ರಿಗೆ ನಾ ಹೇಳ್ತೀನಿ."

*

ರವಿವಾರ ಅಂಕಲಿಯ ಪಡಸಾಲೆಗೆ ಮತ್ತೆ ಶೇಡಬಾಳದವರು ಬಂದರು. ಸಮ್ಮೇದ ತಾಯಿಗೆ ಬೇಕೆಂದೇ ಏನೂ ಹೇಳಿರಲಿಲ್ಲ. ಚಂಪಾಬಾಯಿ ಗಂಟಲು ಈಗ ಹೇಗಿದೆ ಎಂದು ವಿಚಾರಿಸಿದರು. ಅಭ್ಯಾಸಬಲದಿಂದ ಭಾವುಸಾಹೇಬರು ಬಾಯಿ ತೆರೆದರು, ನೆನಪಾಗಿ ಮುಚ್ಚಿಕೊಂಡರು.

"ಆರಾಮ ಐತ್ರಿ ಅತ್ಯಾರ. ಹೋಳಿಗಿ ಮಾತ್ರ ನನಗ ಬರಾಂಗಿಲ್ಲ, ಅದು ನಮ್ಮಪ್ಪಗ ಬರತೈತಿ."

ಚಂಪಾಬಾಯಿ ಕಣ್ಣು ಕಿರಿದು ಮಾಡಿದರು. ಆ ದನಿ... ಆ ವರಸೆ... ಕೈಯಲ್ಲಿದ್ದ ಮೊಬೈಲನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು.

"ಅಗಬಾಯಿ!" ಎಂದು ಎದೆ ಮೇಲೆ ಕೈಯಿಟ್ಟುಕೊಂಡವರು ಮರುಕ್ಷಣ ಮೇಘಾಳ ಕೆನ್ನೆ ಹಿಡಿದು ಅತ್ತರು, ನಕ್ಕರು, ನನ್ನ ಮಗನ ಗತಿ ಏನು ಎಂದು ಮತ್ತೆ ನಕ್ಕರು.

ಒಳಗೆ ಊಟಕ್ಕೆ ತಾಟು ಹಾಕುತ್ತಿದ್ದಾಗ ಪಡಸಾಲೆಯಲ್ಲಿ ಇಬ್ಬರೇ ಉಳಿದರು. ಸಮ್ಮೇದ ಎದ್ದು ಫ್ಯಾನನ್ನು ಅವಳತ್ತ ತಿರುಗಿಸಿದ. ಮೇಘಾ ಕೈ ಚಾಚಿ ಅದನ್ನು ಇಬ್ಬರಿಗೂ ಗಾಳಿ ಬರುವಂತೆ ಸರಿಸಿದಳು.

"ಆವತ್ತ ಕಿವಿಯಾಗ ಹೇಳಿದ್ದು ಈಗ ಎದುರಿಗೆ ಹೇಳ" ಎಂದ ಅವನು. "ಈಗ ಮೈಕ್ ಇಲ್ಲ."

"ಹೂಂ."

"ಅಷ್ಟನ?"

ಅವಳು ಕಣ್ಣೆತ್ತಿದಳು. ಈ ಸಲ ತಗ್ಗಿಸಲಿಲ್ಲ. "ಅಷ್ಟ ಅಲ್ರಿ... ನನ್ನ ಮಾತ ಇನ್ನಾ ಮುಗದಿಲ್ಲ."

ಸಮ್ಮೇದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಹೊತ್ತ ಮುಣಗಾಕ ಇನ್ನಾ ಟೈಮ್ ಐತಿ" ಎಂದ. "ಹೇಳ."