‘ಹೊಸದು ತಗೊಳ್ಳಿ’ ಎನ್ನದವನು

"ಇದನ್ನ ಇಟ್ಕೊಳ್ಳಲಾ, ಎಸೀಲಾ? ಒಂದೇ ಮಾತಲ್ಲಿ ಹೇಳಿ!"

ಹಳೆಯ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಯ ಮೇಜಿನ ಮೇಲೆ ಕುಕ್ಕಿ ಅವಳು ಕೇಳಿದ್ದೇ ಹಾಗೆ. ಮನೆಗಳ ನಕ್ಷೆ ಬರೆದು ಬದುಕುವವಳು. ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ.

ರಿಪೇರಿಯವನು ಮುಚ್ಚಳ ಬಿಚ್ಚಿ ಒಳಗೆ ನೋಡಿದ. ಆಮೇಲೆ ಅವಳ ಮುಖ ನೋಡಿದ. ನೋಡುತ್ತಲೇ ಇದ್ದ...

"ಎಸೆಯೋದ್ಯಾಕೆ? ಮೆಮೊರಿ ಹೆಚ್ಚಿಸಿ, ಡಿಸ್ಕ್ ಬದಲಾಯಿಸಿದ್ರೆ ಇನ್ನೂ ಓಡುತ್ತೆ."

"ಖಾತ್ರೀನಾ? ಮಧ್ಯೆ ಕೈ ಕೊಟ್ರೆ?"

"ನಾನಿದೀನಲ್ಲ!"

ಆ ಮಾತಿಗೇ ಅವಳು ಸೋತಳು. ಅಷ್ಟು ಧೈರ್ಯವಾಗಿ ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಮೆಮೊರಿ ಬಂತು, ಡಿಸ್ಕ್ ಬಂತು. ಆದರೂ ಒಮ್ಮೆ ತೆರೆ ಕಪ್ಪಾಗುವುದು, ಒಮ್ಮೆ ಕಾದ ಹೆಂಚಾಗುವುದು ನಿಲ್ಲಲಿಲ್ಲ. ಪ್ರತಿ ಸಲ ಅವಳು ಓಡಿ ಬರುವಳು. ಅವನು ಸ್ಟೂಲು ಒರೆಸಿ ಕೂರಿಸುವನು. ರಿಪೇರಿ ಬೇಗ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ.

ಮನೆಯಲ್ಲಿ ಅಕ್ಕ ಚುಚ್ಚಿದಳು. "ಕೆಟ್ಟಿರೋದು ಲ್ಯಾಪ್‌ಟಾಪೋ, ನಿನ್ನ ತಲೆಯೋ? ಹೊಸದು ತಗೊಳ್ಳೇ!"

"ಅವರಿಗಿಂತ ನಿಂಗೆ ಗೊತ್ತಾ? ಸುಮ್ನಿರು!"

ಹೀಗಿರುವಾಗ ದೊಡ್ಡ ಕೆಲಸವೊಂದು ಹತ್ತಿರ ಬಂತು. ಡಾಕ್ಟರ್ ದಂಪತಿಯ ಆಸ್ಪತ್ರೆ ಕಟ್ಟಡ. ಅವರ ಮುಂದೆ ನಕ್ಷೆ ತೋರಿಸುತ್ತಿದ್ದಳು. ನಕ್ಷೆಯಲ್ಲಿ ಮೆಟ್ಟಿಲ ತನಕ ಬಂದಳು, ಅಷ್ಟೇ. ತೆರೆ ಆರಿಹೋಯಿತು! ಒತ್ತಿದಳು, ತಟ್ಟಿದಳು... ಏಳಲೇ ಇಲ್ಲ.

"ಲ್ಯಾಪ್‌ಟಾಪೇ ನೆಟ್ಟಗಿಲ್ಲ, ನಮ್ಮ ಗೋಡೆ ನೆಟ್ಟಗಿರುತ್ತೇನಮ್ಮಾ?" ಡಾಕ್ಟರ್ ನಕ್ಕರು. ಕೆಲಸ ಬೇರೆಯವರ ಪಾಲಾಯಿತು.

ಅಳು ನುಂಗಿಕೊಂಡು ಅಂಗಡಿಗೆ ಬಂದರೆ ಅವನಿರಲಿಲ್ಲ. ಅಂಗಡಿಯ ಮಾಲೀಕ, ಅವನ ಬಾವ, ಮುಚ್ಚಳ ಬಿಚ್ಚಿ ಹುಬ್ಬೇರಿಸಿದ.

"ಅಯ್ಯೋ, ಇದಾ? ಇದರ ಬೋರ್ಡ್ ಹೋಗಿದೆ, ಎಷ್ಟು ತೇಪೆ ಹಾಕಿದ್ರೂ ಅಷ್ಟೇ ಅಂತ ಅವನು ಮೊದಲ ದಿನವೇ ಅಂದಿದ್ದ. ನಿಮಗೆ ಹೇಳ್ಲಿಲ್ವಾ?"

ಮೊದಲ ದಿನವೇ! ಹಾಗಾದರೆ ಇಷ್ಟು ದಿನ...?

ಅಷ್ಟರಲ್ಲಿ ಅವನು ಬಂದ. ಅವಳ ಮುಖ ನೋಡಿದವನೇ ಬಾಗಿಲಲ್ಲೇ ನಿಂತ.

"ಯಾಕೆ ಸುಳ್ಳು ಹೇಳಿದ್ರಿ?"

"ಹೊಸದು ತಗೊಳ್ಳಿ ಅಂದಿದ್ರೆ... ನೀವು ಮತ್ತೆ ಬರ್ತಿರಲಿಲ್ಲ."

"ಡಾಕ್ಟರ ಆಸ್ಪತ್ರೆ ಕೆಲಸ ಕೈ ತಪ್ಪಿತು! ನನ್ನ ಹೊಟ್ಟೆ ಮೇಲೆ ಹೊಡೆದು ನನ್ನ ಮುಖ ನೋಡ್ಬೇಕಿತ್ತಾ ನಿಮಗೆ? ಥೂ!"

ಉಗಿದದ್ದು ತಪ್ಪಲ್ಲ. ಪ್ರೀತಿಗಾಗಿ ಹೇಳಿದ ಸುಳ್ಳೂ ಸುಳ್ಳೇ. ಕಳ್ಳನಾಗಿದ್ದರೆ ಮರೆಯಬಹುದಿತ್ತು, ತಾನು ನಂಬಿದವನನ್ನು ಹೇಗೆ ಮರೆಯುವುದು? ಲ್ಯಾಪ್‌ಟಾಪನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬಂದು ಅವಳು ದಿಂಬಿಗೆ ಮುಖ ಒತ್ತಿ ಅತ್ತಳು. ಅವನ ಫೋನ್ ಎತ್ತಲಿಲ್ಲ.

ಒಂದು ವಾರದ ಮೇಲೆ ಡಾಕ್ಟರಮ್ಮ ಫೋನ್ ಮಾಡಿದರು. "ರಿಪೇರಿಯವನೊಬ್ಬ ಬಂದಿದ್ದನಮ್ಮಾ. ತಪ್ಪು ತನ್ನದು, ನಿನ್ನದಲ್ಲ ಅಂತ ಎಲ್ಲರ ಮುಂದೆ ಹೇಳಿಹೋದ. ಕೆಲಸ ಆಗಲೇ ಕೊಟ್ಟಾಯ್ತು... ನಿನ್ನನ್ನ ನೋಡಿ ನಕ್ಕಿದ್ದಕ್ಕೆ ಬೇಜಾರಾಯ್ತು."

ಸಂಜೆ ಅವನೇ ಮನೆಬಾಗಿಲಿಗೆ ಬಂದ. ಅಕ್ಕ ಬಾಗಿಲು ತೆಗೆದು, "ಬಂದ ನೋಡು ತೇಪೆ ಮಾಸ್ತರು," ಎಂದು ಒಳಗೆ ಹೋದಳು.

"ನಿಮ್ಮ ನಕ್ಷೆಗಳೆಲ್ಲ ಇದರಲ್ಲಿವೆ," ಅವನು ಅವಳ ಲ್ಯಾಪ್‌ಟಾಪನ್ನೂ ಅದರಿಂದ ತೆಗೆದ ಡಿಸ್ಕನ್ನೂ ನೀಡಿದ. "ಇನ್ನು ಈ ಲ್ಯಾಪ್‌ಟಾಪನ್ನ ರಿಪೇರಿಗೆ ಯಾರ ಕೈಗೂ ಕೊಡ್ಬೇಡಿ. ಹೊಸದೇ ತಗೊಳ್ಳಿ. ನಮ್ಮ ಅಂಗಡಿಯಲ್ಲಿ ಬೇಡ, ಗ್ಯಾರಂಟಿ ಇರೋ ಕಡೆ. ಕೆಟ್ರೆ ಅವರೇ ನೋಡ್ಕೋತಾರೆ. ನನ್ನ ಹತ್ರ ಬರೋ ಕೆಲಸಾನೇ ಇರಲ್ಲ."

ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಅವಳ ಎದೆಯೊಳಗೆ ಏನೋ ಕರಗಿತು. ಕೋಪ ಮಾತ್ರ ಇನ್ನೂ ಇತ್ತು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತೋ ನಿಂಗೆ?"

ಅವಳ ಬಾಯಲ್ಲಿ ‘ನಿಂಗೆ’ ಕೇಳಿ ಅವನು ತಲೆಯೆತ್ತಿದ.

"ನೀವು ಇಷ್ಟ ಆಗಿದ್ದೀರಿ ಅಂತ ಮೊದಲ ದಿನಾನೇ ಹೇಳಿದ್ರೆ ಹೊಡೀತಿದ್ರಿ."

"ಹೊಡೀತಿದ್ದೆ!" ಅವಳು ಕಣ್ಣೊರೆಸಿಕೊಂಡಳು. "ಹೊಡೆದು... ಮಾರನೇ ದಿನ ಬರ್ತಿದ್ದೆ ಕಣೋ."