ಆಗದು ಎಂದು ತೋರಿಸಿದವಳು

"ಮೂರನೇ ಸಾಲು ತಪ್ಪು."

ಸೆಮಿನಾರ್ ಕೋಣೆಯ ಹಿಂದಿನಿಂದ ಬಂದ ಆ ಮಾತಿಗೆ ಐಲೆನ್‌ಳ ಕೈ ಬೋರ್ಡಿನ ಮೇಲೆಯೇ ನಿಂತುಬಿಟ್ಟಿತು.

ತಿರುಗಿ ನೋಡಿದಳು. ಕೊನೆಯ ಬೆಂಚಿನಲ್ಲಿ ಗಡ್ಡದ ಯುವಕನೊಬ್ಬ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು ಮಾಟೆ ಕಷಾಯ ಹೀರುತ್ತಾ ಕುಳಿತಿದ್ದ.

"ಎಲ್ಲಿ ತಪ್ಪು?" ಎಂದು ಕೇಳಿದಳು.

"ಪ್ರೋಗ್ರಾಮು ತನ್ನನ್ನೇ ಮತ್ತೆ ಕರೆದ್ರೆ ನಿನ್ನ ಲೆಕ್ಕ ಮುಗಿಯೋದೇ ಇಲ್ಲ. ಸುತ್ತುತ್ತಾನೇ ಇರುತ್ತೆ."

ಐಲೆನ್ ಬೋರ್ಡಿನತ್ತ ನೋಡಿದಳು. ಅವನು ಹೇಳಿದ್ದು ನಿಜ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು!

ದೂರದ ಸಪಾಲಾ ಎಂಬ ಊರಲ್ಲಿ ಅವಳಮ್ಮನಿಗೆ ಬ್ರೆಡ್ ಅಂಗಡಿ. ಆ ಅಂಗಡಿಯ ಗಲ್ಲಾದ ಪಕ್ಕದಲ್ಲೇ ಲೆಕ್ಕ ಕಲಿತವಳು ಐಲೆನ್. ಇಡೀ ಪದವಿಯಲ್ಲಿ ಉತ್ತರ ಸಿಗದ ಪ್ರಶ್ನೆಯೊಂದನ್ನೂ ಅವಳು ಕಂಡಿರಲಿಲ್ಲ. ಈಗ ಬಹಿಯಾ ಬ್ಲಾಂಕಾ ನಗರಕ್ಕೆ ಬಂದು ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಶುರುಮಾಡಿದ ಮೊದಲ ವಾರವೇ, ಎಲ್ಲರ ಮುಂದೆ ಹೀಗೆ...

ಸೆಮಿನಾರ್ ಮುಗಿದ ಮೇಲೆ ಅವನೇ ಬಾಗಿಲ ಬಳಿ ಬಂದ.

"ನಾನು ಫೆರ್ಮಿನ್. ಐದನೇ ವರ್ಷ. ಬೇಜಾರಾಯ್ತಾ? ಇಲ್ಲಿ ಎಲ್ರಿಗೂ ಮೊದಲ ಏಟು ಹೀಗೇ ಬೀಳೋದು. ತಗೋ, ಒಂದು ಗುಟುಕು ಕುಡಿ."

ಮುಂದೆ ಚಾಚಿದ ಮಾಟೆಯ ಲೋಟವನ್ನು ಅವಳು ಮುಟ್ಟಲಿಲ್ಲ.

"ಬೇಡ, ಥ್ಯಾಂಕ್ಸ್."

ಅವನ ಮುಖ ಸಣ್ಣದಾಯಿತು. ಹಾಗೆ ನಿರಾಕರಿಸುವುದು ಆ ಊರಲ್ಲಿ ಬೆನ್ನು ತಿರುಗಿಸಿದಂತೆ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದಳು.

ಅವರಿಬ್ಬರಿಗೂ ಮಾರ್ಗದರ್ಶಕಿ ನೆಲಿಡಾ ಫೆರಾರೊತ್ತಿ. ಬೆಳ್ಳಿ ಕೂದಲಿನ, ಒರಟು ಮಾತಿನ ಹೆಂಗಸು.

"ನೋಡು ಹುಡುಗಿ, ಮೊದಲ ವರ್ಷ ನಿನಗೆ ನೀನೇ ದಡ್ಡಿ ಅನ್ಸುತ್ತೆ. ಅನ್ಸಲಿ. ಇಲ್ಲಿ ಉತ್ತರ ಪುಸ್ತಕದ ಹಿಂದುಗಡೆ ಇರಲ್ಲ. ನನ್ನ ಹತ್ರನೂ ಇರಲ್ಲ!" ಎಂದು ಮೊದಲ ದಿನವೇ ಹೇಳಿದ್ದಳು.

ಮುಂದಿನ ವಾರ ವಿಷಯ ಆರಿಸಲು ನೆಲಿಡಾಳ ಕೋಣೆಗೆ ಹೋದಾಗ, ಅರೆ ತೆರೆದ ಬಾಗಿಲಿಂದ ಫೆರ್ಮಿನ್‌ನ ಮಾತು ಕೇಳಿಸಿತು.

"ಆ ವಿಷಯ ಅವಳಿಗೆ ಕೊಡ್ಬೇಡಿ ನೆಲಿಡಾ... ದಯವಿಟ್ಟು."

ಐಲೆನ್‌ಳ ಕಿವಿ ಬಿಸಿಯಾಯಿತು. 'ನನ್ನ ಕೈಲಿ ಆಗಲ್ಲ ಅಂತ ಇವನೇ ತೀರ್ಮಾನ ಮಾಡ್ಬಿಟ್ನಾ?'

ಬಾಗಿಲು ತಳ್ಳಿ ಒಳಗೆ ಹೋದಳು. "ನನಗೆ ಅದೇ ವಿಷಯ ಬೇಕು."

ಫೆರ್ಮಿನ್‌ನ ಮುಖ ಬಿಳಿಚಿಕೊಂಡಿತು. ನೆಲಿಡಾ ಇಬ್ಬರನ್ನೂ ನೋಡಿ, "ಸರಿ" ಎಂದಳು.

ಪ್ರಶ್ನೆ ಕೇಳುವುದಕ್ಕೆ ಸುಲಭವಾಗಿತ್ತು. ಒಂದು ದೊಡ್ಡ ಪ್ರೋಗ್ರಾಮನ್ನು ಓಡಿಸದೆ, ತುಂಡು ತುಂಡಾಗಿ ಪರೀಕ್ಷಿಸಿಯೇ ಇಡೀ ಪ್ರೋಗ್ರಾಮು ಸರಿಯಿದೆಯೋ ಇಲ್ಲವೋ ಎಂದು ಹೇಳಬಹುದೆ?

ಶರತ್ಕಾಲ ಕಳೆಯಿತು. ಬೆಳಗ್ಗೆ ಪ್ರಬಂಧಗಳನ್ನು ಓದುವುದು, ಮಧ್ಯಾಹ್ನ ಹೊಸ ಹುಡುಗರಿಗೆ ಪಾಠ ಹೇಳುವುದು, ಸಂಜೆ ತಾನೇ ಬರೆದದ್ದನ್ನು ತಾನೇ ಹೊಡೆದುಹಾಕುವುದು. ಒಂದೊಂದು ವಾರ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ಬೈಯುವವರಿಲ್ಲ, ಹೊಗಳುವವರೂ ಇಲ್ಲ. ಪರೀಕ್ಷೆಯಾದರೂ ಇದ್ದಿದ್ದರೆ ಎಂದು ಅವಳು ಹಂಬಲಿಸಿದಳು!

ಅಮ್ಮ ಫೋನಿನಲ್ಲಿ ಕೇಳುತ್ತಿದ್ದಳು. "ಇನ್ನೂ ಮುಗೀಲಿಲ್ವೇನೇ ನಿನ್ನ ಓದು? ನಿನ್ನ ಜೊತೆಯವಳು ರೊಮಿನಾಗೆ ಎರಡನೇ ಮಗು ಕಣೆ!"

"ಅವಳ ಮಗೂಗೆ ಒಂಬತ್ತು ತಿಂಗಳು ಸಾಕಮ್ಮಾ. ನಂದು ಐದು ವರ್ಷ!"

ಅಮ್ಮ ನಗುತ್ತಿದ್ದಳು. ಫೋನಿಟ್ಟ ಮೇಲೆ ಐಲೆನ್‌ಗೆ ನಗು ಬರುತ್ತಿರಲಿಲ್ಲ.

ಚಳಿಗಾಲದಲ್ಲಿ ಜ್ವರ ಬಂದು ಒಂದು ವಾರ ಮಲಗಿದಳು. ವಾಪಸು ಬಂದಾಗ ಅವಳ ತರಗತಿಗಳು ನಿಂತಿರಲಿಲ್ಲ.

"ಫೆರ್ಮಿನ್ ಬಂದಿದ್ರು" ಎಂದರು ಹುಡುಗರು. "ನೀವೇ ಚೆನ್ನಾಗಿ ಹೇಳ್ಕೊಡ್ತೀರಂತೆ, ಬೇಗ ವಾಸಿಯಾಗ್ಲಿ ಅಂತ ಬೇಡ್ಕೊಳ್ಳಿ ಅಂದ್ರು."

ಎದೆಯೊಳಗೆ ಏನೋ ಮೆತ್ತಗಾಯಿತು. ವಿಭಾಗದ ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದ ಅವನನ್ನು ಹುಡುಕಿಕೊಂಡು ಹೋದಳು.

"ಥ್ಯಾಂಕ್ಸ್ ಹೇಳೋಣ ಅಂತ ಬಂದೆ."

ಫೆರ್ಮಿನ್ ನಕ್ಕ. ಆ ನಗು ಅವಳು ನೆನೆಸಿದ್ದಕ್ಕಿಂತ ತುಂಬಾ ಚೆನ್ನಾಗಿತ್ತು. ಆದರೆ ಮರುಕ್ಷಣವೇ ಅವನು ಗಂಭೀರನಾದ.

"ಐಲೆನ್... ನೀನು ಸೊರಗಿ ಹೋಗಿದ್ದೀಯ. ಆ ವಿಷಯ ಬಿಟ್ಬಿಡು. ನಾನು ಯಾಕೆ ಹೇಳ್ತಿದೀನಿ ಅಂದ್ರೆ..."

"ಗೊತ್ತು! ನನ್ನ ಯೋಗ್ಯತೆ ಅಷ್ಟೇ ಅಂತ ತಾನೇ? ಮೊದಲ ದಿನದಿಂದ ಅದನ್ನೇ ಹೇಳ್ತಿದ್ದೀಯ!"

"ಅಲ್ಲ, ಕೇಳು..."

"ಇನ್ಮೇಲೆ ನನ್ನ ಕೆಲಸದ ಬಗ್ಗೆ ಒಂದು ಮಾತೂ ಆಡ್ಬೇಡ!"

ಅವನು ಆಡಲಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆ ಬಾಗಿಸಿ ಹೋಗುತ್ತಿದ್ದ. ಗೆದ್ದವಳು ತಾನೇ... ಆದರೂ ಅವನಿಲ್ಲದ ದಿನ ಕೊನೆಯ ಬೆಂಚಿನತ್ತ ಅವಳ ಕಣ್ಣು ಯಾಕೆ ಹೋಗುತ್ತಿತ್ತು?

ವಸಂತ ಬಂದಾಗ ಅವಳಿಗೆ ಉತ್ತರ ಸಿಕ್ಕಿತು. ಅವಳು ಬಯಸಿದ ಉತ್ತರವಲ್ಲ.

ಎರಡು ಪುಟ್ಟ ಪ್ರೋಗ್ರಾಮುಗಳನ್ನು ಕಟ್ಟಿದ್ದಳು. ತುಂಡು ತುಂಡಾಗಿ ನೋಡಿದರೆ ಎರಡೂ ಒಂದೇ. ಜೋಡಿಸಿದರೆ ಒಂದು ಸರಿ, ಇನ್ನೊಂದು ತಪ್ಪು! ತುಂಡುಗಳನ್ನಷ್ಟೇ ನೋಡುವ ಯಾವ ಪರೀಕ್ಷೆಯೂ ಅವನ್ನು ಬೇರೆ ಮಾಡಲಾರದು. ಅಂದರೆ ಇಡೀ ದಾರಿಯೇ ಮುಚ್ಚಿತ್ತು.

ಮುಖ ತೊಳೆದುಕೊಂಡು ನೆಲಿಡಾಳ ಕೋಣೆಗೆ ಹೋದಳು.

"ನಾನು ಬಿಟ್ಟು ಹೋಗ್ತೀನಿ. ಅಮ್ಮನ ಅಂಗಡೀಲಿ ಕೆಲಸ ಇದ್ದೇ ಇದೆ. ನನ್ನ ಕೈಲಿ ಆಗ್ಲಿಲ್ಲ."

ಅವಳು ಕೊಟ್ಟ ಹಾಳೆಗಳನ್ನು ನೆಲಿಡಾ ಓದಿದಳು. ಮತ್ತೆ ಓದಿದಳು. ಆಮೇಲೆ ಬಾಗಿಲಿಗೆ ಹೋಗಿ ಕೂಗಿದಳು. "ಫೆರ್ಮಿನ್! ಬಾ ಇಲ್ಲಿ. ಇದರಲ್ಲಿ ತೂತು ಹುಡುಕು."

ಫೆರ್ಮಿನ್ ಮೇಜಿನ ಮೇಲೆ ಬಾಗಿ ಕುಳಿತ. ಪೆನ್ಸಿಲು ಒಂದೊಂದೇ ಸಾಲಿನ ಮೇಲೆ ಹೋಯಿತು. ಮಾಟೆಯ ನೀರು ತಣ್ಣಗಾಯಿತು. ಐಲೆನ್ ಪೆನ್ಸಿಲಿನ ತುದಿಯನ್ನೇ ನೋಡುತ್ತಿದ್ದಳು... ಎಲ್ಲಿ ತಪ್ಪು ಹೇಳುತ್ತಾನೋ!

ಪೆನ್ಸಿಲು ಕೈಯಿಂದ ಜಾರಿತು. ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು.

"ಫೆರ್ಮಿನ್?" ಅವಳು ಗಾಬರಿಯಾದಳು.

"ತೂತಿಲ್ಲ" ಎಂದ ಅವನು. "ಒಂದೂ ಇಲ್ಲ... ಇದು ಯಾರ ಕೈಲೂ ಆಗಲ್ಲ. ನೀನು ತೋರಿಸ್ಬಿಟ್ಟೆ."

"ಅದಕ್ಕೆ ನೀನ್ಯಾಕೆ ಅಳ್ತಿದ್ದೀಯ?"

"ಎರಡು ವರ್ಷ ಕಣೆ! ಎರಡು ವರ್ಷ ಇದೇ ದಾರೀಲಿ ತಲೆ ಚಚ್ಕೊಂಡೆ. ಆಗ್ಲಿಲ್ಲ ಅಂತ ಬಿಟ್ಟೆ. ನಾನೇ ದಡ್ಡ ಅನ್ಕೊಂಡೆ. ಇವತ್ತಿನವರೆಗೂ ಹಾಗೇ ಅನ್ಕೊಂಡಿದ್ದೆ."

ಐಲೆನ್‌ಗೆ ಈಗ ಹೊಳೆಯಿತು. 'ಅವಳಿಗೆ ಕೊಡ್ಬೇಡಿ' ಅಂದದ್ದು... ತನ್ನನ್ನು ಉಳಿಸಲಿಕ್ಕೆ!

"ಮತ್ತೆ ನೀವ್ಯಾಕೆ ನನಗೆ ಹೇಳ್ಲಿಲ್ಲ?" ಎಂದು ನೆಲಿಡಾಳತ್ತ ತಿರುಗಿದಳು.

"ಹೇಳಿದ್ರೆ ನೀನೂ ಅವನ ಕಣ್ಣಿಂದಲೇ ನೋಡ್ತಿದ್ದೆ ಅನ್ಕೊಂಡೆ" ಎಂದಳು ನೆಲಿಡಾ. ಒರಟು ದನಿ ಈ ಸಲ ತಗ್ಗಿತ್ತು. "ಆದ್ರೂ ಹೇಳ್ಬೇಕಿತ್ತು. ನಿಮ್ಮಿಬ್ಬರಿಗೂ ಹಿಂಸೆ ಮಾಡಿದೆ, ಕ್ಷಮಿಸಿ. ಆಗುತ್ತೆ ಅಂತ ತೋರಿಸೋದು ಮಾತ್ರ ಫಲಿತಾಂಶ ಅಲ್ಲ ಐಲೆನ್. ಆಗದು ಅಂತ ತೋರಿಸೋದೂ ಫಲಿತಾಂಶವೇ. ಬಿಟ್ಟು ಹೋಗೋದಾದ್ರೆ ಹೋಗು. ಆದ್ರೆ ಸೋತೆ ಅಂತ ಹೇಳ್ಕೊಂಡು ಮಾತ್ರ ಹೋಗ್ಬೇಡ."

ಇಬ್ಬರೂ ಹೊರಗೆ ಬಂದರು. ನಪೋಸ್ತಾ ತೊರೆಯ ದಂಡೆಯಲ್ಲಿ ಎಂದಿನಂತೆ ಗಾಳಿ ಬೀಸುತ್ತಿತ್ತು. ಗಾಳಿಗೆ ಎದುರಾಗಿ ತುಂಬಾ ದೂರ ನಡೆದರು.

"ಅವತ್ತು ಅಡುಗೆಮನೇಲಿ ನಿನ್ನ ಮಾತು ಪೂರ್ತಿ ಕೇಳ್ಬೇಕಿತ್ತು" ಎಂದಳು ಅವಳು. "ಕ್ಷಮಿಸು."

"ನಾನೂ ಮೊದಲ ವಾಕ್ಯದಲ್ಲೇ ಹೇಳ್ಬೇಕಿತ್ತು. ನಾಚಿಕೆಯಾಗ್ತಿತ್ತು. ನಿನ್ನ ಮುಂದೆ ಸೋತವನು ಅಂತ ಕಾಣೋಕೆ ಇಷ್ಟ ಇರ್ಲಿಲ್ಲ."

"ಯಾಕೆ? ನನ್ನ ಮುಂದೆ ಮಾತ್ರ ಯಾಕೆ?"

ಅವನು ನಿಂತ. ಕಿವಿಗಳು ಕೆಂಪಾಗಿದ್ದವು.

"ಮೊದಲ ದಿನ ಎಲ್ರ ಮುಂದೆ ಏಟು ತಿಂದೂ ನೀನು 'ಎಲ್ಲಿ ತಪ್ಪು' ಅಂತ ಕೇಳಿದೆ ನೋಡು... ಅವತ್ತಿಂದ ನನಗೆ ಬೇರೆ ಏನೂ ಸರಿಯಾಗಿ ಯೋಚನೆ ಮಾಡೋಕೆ ಆಗ್ತಿಲ್ಲ ಐಲೆನ್."

ಅವಳ ಕಣ್ಣು ತುಂಬಿತು. ತುಟಿಯಲ್ಲಿ ಮಾತ್ರ ನಗು.

"ನಿನಗೆ ಇದು ಕೊನೇ ವರ್ಷ. ನನಗೆ ಇನ್ನೂ ಎಷ್ಟೋ ವರ್ಷ ಇದೆ. ನೀನು ಯಾವ ಊರಿಗೆ ಹೋಗ್ತೀಯೋ..."

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಆದ್ರೆ ನಾನು ಬಿಟ್ಟು ಹೋಗಲ್ಲ. ಓದನ್ನೂ... ನಿನ್ನನ್ನೂ."

ಅವನು ಅವಳ ಮುಖಕ್ಕೆ ಹಾರಿದ ಕೂದಲನ್ನು ಮೆಲ್ಲನೆ ಸರಿಸಿದ.

"ಹೆದರಿಕೆ ಆಗ್ತಿದ್ಯಾ?" ಎಂದು ಅವಳು ಪಿಸುಗುಟ್ಟಿದಳು.

"ತುಂಬಾ. ನಿನಗೆ?"

"ನನಗೂ..." ಅವಳು ಅವನ ಕೈ ಹಿಡಿದಳು. "ಹಾಗಾದ್ರೆ ಸರಿ. ನಡಿ."